ಏಳನೆಯ ಸೆಕೆಂಡು

ಹದಿನಾರನೆಯ ರೊಟ್ಟಿಯನ್ನೂ ಒಲೆಯ ಗೋಡೆಯಿಂದ ಬಿಡಿಸಿ ಬುಟ್ಟಿಗೆ ಹಾಕಿದ್ದಾಯಿತು. ಒಳಕೋಣೆಯಿಂದ ಕಂಪ್ಯೂಟರು ಎದ್ದ ಸದ್ದು ಮಾತ್ರ ಇನ್ನೂ ಬರಲಿಲ್ಲ.

ದಿನವೂ ಹನ್ನೆರಡನೆಯ ರೊಟ್ಟಿಗೆ ಅದು ಕೇಳಿಸುತ್ತಿತ್ತು. ಅದು ಮನ್ನೂಬಿಯಾಳ ಲೆಕ್ಕ. ಬೆಳಗಿನ ನಮಾಜು ಮುಗಿಸಿ ಗಂಡ ಮೊಂಜಿ ಒಳಗೆ ಗುಂಡಿ ಒತ್ತುವ ಹೊತ್ತಿಗೆ ಅವಳು ಅಂಗಳದ ಮಣ್ಣೊಲೆಯೊಳಗೆ ಆಲಿವ್ ಕಡ್ಡಿಗಳನ್ನು ತುಂಬಿ ಬೆಂಕಿ ಹಚ್ಚುತ್ತಿದ್ದಳು. ಒಲೆ ಕಾದು, ಬೆಂಕಿ ಕೆಂಡವಾಗಿ, ಕೈಯನ್ನು ನೀರಿಗದ್ದಿ ಒಂದೊಂದೇ ರೊಟ್ಟಿಯನ್ನು ಒಳಗೋಡೆಗೆ ಬಡಿಯುತ್ತ ಬಂದರೆ ಹನ್ನೆರಡರ ಹೊತ್ತಿಗೆ ಒಳಗಿನಿಂದ ಟಿಣ್ ಎಂಬ ಸಣ್ಣ ನಾದ ಬರುತ್ತಿತ್ತು. ಮೊದಲ ವರ್ಷ ಅದು ಐದು ರೊಟ್ಟಿಗೆಲ್ಲ ಏಳುತ್ತಿತ್ತು. ಮರುವರ್ಷ ಎಂಟಾಯಿತು. ಮನೆಯಲ್ಲಿ ಎಲ್ಲರಿಗೂ ವಯಸ್ಸಾಗುವ ಹಾಗೆ ಅದಕ್ಕೂ ಆಗುತ್ತಿದೆ ಎಂದು ಅವಳು ಸುಮ್ಮನಿದ್ದಳು.

ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಇಣುಕಿದಳು. ಮೊಂಜಿ ತೊಡೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಕಪ್ಪು ಪರದೆಯ ಮುಂದೆ ಕೂತಿದ್ದ.

"ಏನಾಯ್ತು ನಿದಾಲನಪ್ಪ?"

"ತಿರುಗ್ತಾ ಇದೆ. ಆ ಚಕ್ರ ತಿರುಗ್ತಾನೇ ಇದೆ."

"ನಿನ್ನ ಹಾಗೇ ಅದೂ. ಹಾಸಿಗೆ ಬಿಟ್ಟು ಏಳೋದಕ್ಕೆ ಮುಂಚೆ ನೂರು ಸಲ ದೇವರನ್ನ ಕರೀಬೇಕು."

ಬೇರೆ ದಿನವಾಗಿದ್ದರೆ ಅವನೂ ಏನಾದರೂ ತಿರುಗಿ ಅನ್ನುತ್ತಿದ್ದ. ಇವತ್ತು ಅನ್ನಲಿಲ್ಲ. "ನಾಳೆ ಮಧ್ಯಾಹ್ನದ ಒಳಗೆ ಕಳಿಸ್ಬೇಕು ಅಂದಿದ್ದಾರಲ್ಲೇ," ಎಂದ. "ನಾಳೆ ಶನಿವಾರ."

ಅದು ಅವಳಿಗೂ ಗೊತ್ತಿತ್ತು. ನಿನ್ನೆ ಸಂಜೆ ಟ್ಯೂನಿಸ್‌ನಿಂದ ಒಬ್ಬ ಹೆಂಗಸು ಫೋನು ಮಾಡಿದ್ದಳು. ಸಮುದ್ರ ದಾಟಲು ಹೋಗಿ ಸುದ್ದಿಯೇ ಇಲ್ಲದವರ ಮನೆಯವರು ಸೇರಿ ಮಾಡಿಕೊಂಡ ಸಂಘವಂತೆ. ಸೂಸ್ ಪಟ್ಟಣದಲ್ಲಿರುವ ಮಗಳು ವಫಾ ಅವರಿಗೆ ಇಲ್ಲಿಯ ನಂಬರು ಕೊಟ್ಟಿದ್ದಳು. ಒಬ್ಬ ವಕೀಲರು ಭಾನುವಾರ ಇಟಲಿಗೆ ಹೋಗುತ್ತಾರೆ, ಫೋಟೋ, ವಿಡಿಯೋ ಏನೇ ಇದ್ದರೂ ಅವರ ಕೈಗೆ ಕೊಡುತ್ತೇವೆ, ಅಲ್ಲಿಯ ದಾಖಲೆಗಳ ಜೊತೆ ಹೋಲಿಸಿ ನೋಡುತ್ತಾರೆ ಎಂದು ಆಕೆ ಹೇಳಿದ್ದಳು. ಮೊಂಜಿ ಎದ್ದು ನಿಂತೇ ಮಾತಾಡಿದ್ದ. "ಇದೆಯಮ್ಮ, ನಮ್ಮ ಹತ್ರ ಇದೆ," ಎಂದು ಮೂರು ಸಲ ಹೇಳಿದ್ದ.

ಇದ್ದದ್ದು ಒಂದು ತುಣುಕು. ಮೂರು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ಊರಿನ ಉತ್ತರಕ್ಕಿರುವ ಕಲ್ಲುದಂಡೆಯಿಂದ ಇಪ್ಪತ್ತಮೂರು ಜನ ಒಂದು ದೋಣಿಯಲ್ಲಿ ಹೊರಟರು. ಅವರಲ್ಲಿ ನಿದಾಲನೂ ಒಬ್ಬ. ಅವನಿಗೆ ಆಗ ಇಪ್ಪತ್ತೆರಡು. ಹೋದ ದೋಣಿ ಮುಟ್ಟಿತು ಎಂದು ಯಾರೂ ಹೇಳಲಿಲ್ಲ, ಮುಳುಗಿತು ಎಂದೂ ಹೇಳಲಿಲ್ಲ. ಎಂಟನೆಯ ದಿನ, ಮಗನೇ ಕೊಂಡು ತಂದು ಹೊಲಿಗೆ ಯಂತ್ರದ ಮೇಜಿನ ಮೇಲೆ ಜೋಡಿಸಿಟ್ಟಿದ್ದ ಈ ಕಂಪ್ಯೂಟರಿನಲ್ಲಿ, ಯಾರೋ ಹಾಕಿದ್ದ ಒಂದು ವಿಡಿಯೋ ಮೊಂಜಿಯ ಕಣ್ಣಿಗೆ ಬಿತ್ತು. ಯಾವುದೋ ಬಂದರು. ಬೂದು ಬಣ್ಣದ ಟೋಪಿಯಂಗಿ ತೊಟ್ಟ ಒಬ್ಬ ಬೆನ್ನು ತೋರಿಸಿಕೊಂಡು ದೋಣಿಯಿಂದ ಕಲ್ಲುಕಟ್ಟೆಗೆ ಇಳಿಯುತ್ತಾನೆ. ಎಡಗಾಲು ಮೊದಲಿಟ್ಟು ಇಳಿಯುತ್ತಾನೆ. ಹತ್ತುವಾಗ ಬಲಗಾಲು, ಇಳಿಯುವಾಗ ಎಡಗಾಲು ಎಂದು ಮೊಂಜಿ ಮಗನಿಗೆ ಆರನೆಯ ವಯಸ್ಸಿನಲ್ಲೇ ಕಲಿಸಿದ್ದ. ಕಲಿಯುವವರೆಗೆ ಎರಡು ಸಲ ಕಿವಿ ಹಿಂಡಿದ್ದ.

ಹನ್ನೊಂದು ಸೆಕೆಂಡಿನ ತುಣುಕು ಅದು. ಉಳಿಸಿಟ್ಟುಕೊಂಡ ಮೇಲೆ ಎಷ್ಟು ಸಲ ಹಾಕಿದರೂ ಏಳನೆಯ ಸೆಕೆಂಡಿಗೆ ಚಿತ್ರ ಹಾಗೇ ಕಲ್ಲಾಗುತ್ತಿತ್ತು. ಆಮೇಲೆ ಪರದೆಯ ಮೇಲಿನ ಮೌಸಿನ ಬಾಣವೂ ಅಲುಗದು. ಗುಂಡಿ ಒತ್ತಿ ಆರಿಸಿ ಮತ್ತೆ ಹನ್ನೆರಡು ರೊಟ್ಟಿ ಕಾಯಬೇಕು. ಮೂಲದಲ್ಲಿ ಹಾಕಿದ್ದವರು ಮರುದಿನವೇ ಅಳಿಸಿದ್ದರು. ವಫಾ ಹಬ್ಬಕ್ಕೆ ಬಂದಾಗ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಹೋಗಿ ಯಂತ್ರ ಅರ್ಧ ದಿನ ಉಸಿರೇ ಎತ್ತಿರಲಿಲ್ಲ. ಆಮೇಲೆ ಮೊಂಜಿ ಯಾರನ್ನೂ ಮುಟ್ಟಗೊಡಲಿಲ್ಲ.

ಬೀದಿಯವರೆಲ್ಲ ಬಂದು ನೋಡಿ ಹೋಗಿದ್ದರು. ತಮ್ಮ ಮನೆಯಿಂದಲೇ ಕುರ್ಚಿ ಹೊತ್ತು ತಂದು ಕೂತು ನೋಡಿದ್ದರು. ಹೆಂಗಸರು "ಅವನೇ, ಅವನೇ" ಎಂದು ಮನ್ನೂಬಿಯಾಳ ಮೊಣಕಾಲು ಸವರಿದ್ದರು. ಮೊಂಜಿಯ ಜೊತೆ ಮೂವತ್ತು ವರ್ಷ ಬಲೆ ಎಳೆದಿದ್ದ ಸ್ನೇಹಿತ ಮಾತ್ರ, "ಈ ಕರಾವಳೀಲಿ ಎಡಗಾಲಿಟ್ಟು ಇಳೀದೇ ಇರೋನು ಯಾರಿದ್ದಾನೆ ಮೊಂಜಿ?" ಎಂದ. ಮೊಂಜಿ ಐದು ತಿಂಗಳು ಅವನ ಸಲಾಮಿಗೆ ಉತ್ತರ ಕೊಡಲಿಲ್ಲ. "ನಿನಗೇನನ್ನಿಸುತ್ತೆ?" ಎಂದು ಮೊಂಜಿ ಕೇಳಿದಾಗಲೆಲ್ಲ ಮನ್ನೂಬಿಯಾ "ಹೌದು, ಅವನ ಭುಜವೇ" ಎನ್ನುತ್ತಿದ್ದಳು. ಎಷ್ಟು ಸಲ ಹಾಗೆಂದಳೋ, ಕೊನೆಕೊನೆಗೆ ಅವಳಿಗೂ ಅದು ಅವನ ಭುಜವೇ ಆಗಿತ್ತು.

ಬುಟ್ಟಿಯ ರೊಟ್ಟಿಗಳಿಗೆ ಬಟ್ಟೆ ಮುಚ್ಚಿ, "ಲಸಾದನಿಗೆ ಫೋನು ಹಚ್ಚು," ಎಂದಳು. "ಬಂದು ನೋಡಲಿ. ಯಾರಾದರೂ ಮುಟ್ಟಲೇಬೇಕಲ್ಲ."

*

ಲಸಾದ್ ಬಂದಾಗ ಹತ್ತು ಗಂಟೆ. ನಲವತ್ತು ದಾಟಿದ ದೊಡ್ಡ ದನಿಯ ಆಸಾಮಿ. ಹಳೇ ಬಸ್‌ನಿಲ್ದಾಣದ ಪಕ್ಕದಲ್ಲಿ ಅವನ ಅಂಗಡಿ. ಕಂಪ್ಯೂಟರು, ಫೋನು, ಡಿಶ್ಶು ಎಲ್ಲ ರಿಪೇರಿ ಮಾಡುತ್ತಿದ್ದ. ಕನ್ನಡಕವನ್ನು ನೆತ್ತಿಗೇರಿಸಿ ಅದನ್ನೇ ಹುಡುಕುವ ಅಭ್ಯಾಸ ಅವನಿಗೆ.

"ಶುಕ್ರವಾರ ಕರೆದಿದ್ದೀರಿ ಅಂದ್ರೆ ಕುಸ್‌ಕುಸ್ ಇದೆ ಅಂತಾಯ್ತು. ಮೀನೋ ಮಾಂಸವೋ ಚಿಕ್ಕಮ್ಮ? ಅದನ್ನ ಮೊದಲು ಹೇಳಿ, ಆಮೇಲೆ ಯಂತ್ರ ನೋಡ್ತೀನಿ."

"ಮೀನು. ಮೊದಲು ಕೆಲಸ."

"ನಮ್ಮಮ್ಮನೂ ಹೀಗೇ."

ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಪಕ್ಕದ ತಗಡು ಬಿಚ್ಚಿದ. ಒಳಗೆ ಫ್ಯಾನಿನ ಎಲೆಗಳ ಮೇಲೆ, ತಂತಿಗಳ ಸಂದಿಯಲ್ಲಿ, ಎಲ್ಲೆಲ್ಲೂ ಬಿಳಿ ಪುಡಿ ಮೆತ್ತಿಕೊಂಡಿತ್ತು. ಅದರ ಮೇಲೆ ಒಲೆಯ ಮಸಿ.

"ಚಿಕ್ಕಮ್ಮ, ಇದರೊಳಗೆ ಇನ್ನೊಂದು ರೊಟ್ಟಿಗಾಗೋಷ್ಟು ಹಿಟ್ಟಿದೆ. ಸ್ವಲ್ಪ ಕಪ್ಪು ಜೀರಿಗೆ ಉದುರಿಸಿದ್ರೆ ಇಲ್ಲೇ ಬೇಯಿಸಬಹುದಿತ್ತು. ಬಿಸಿಗೇನೂ ಕಮ್ಮಿಯಿಲ್ಲ."

ಮನ್ನೂಬಿಯಾಳ ಮುಖ ಕೆಂಪಾಯಿತು. "ನನ್ನಿಂದಲೇ ನಿಧಾನ ಆಯ್ತೇನೋ?"

"ಇಲ್ಲಮ್ಮ. ಹಿಟ್ಟಿಗೆ ಯಾವ ಯಂತ್ರಾನೂ ಕೆಡಲ್ಲ. ಕೆಮ್ಮುತ್ತೆ ಅಷ್ಟೆ." ಕುಂಚದಿಂದ ಕೊಡವಿ, ಊದಿ, ಒರೆಸಿದ. ತಗಡು ಹಾಕದೆಯೇ ಗುಂಡಿ ಒತ್ತಿದ. ಚಕ್ರ ಮತ್ತೆ ತಿರುಗಲು ಶುರುವಾಯಿತು. ಲಸಾದ್ ಕಿವಿಯನ್ನು ಪೆಟ್ಟಿಗೆಯ ಹತ್ತಿರ ತಂದ. ಒಳಗೆ ಯಾರೋ ಉಗುರಿನಿಂದ ಬಾಗಿಲು ಕೆರೆದಂತೆ ಟಿಕ್, ಟಿಕ್ ಎನ್ನುತ್ತಿತ್ತು.

"ಡಿಸ್ಕು," ಎಂದ. "ಇದು ಸಾಯ್ತಾ ಇದೆ ಚಿಕ್ಕಪ್ಪ. ಅರ್ಧ ಆಗಲೇ ಸತ್..." ನಾಲಗೆ ಕಚ್ಚಿಕೊಂಡ. ಈ ಮನೆಯಲ್ಲಿ ಮೂರು ವರ್ಷದಿಂದ ಯಾರೂ ಆ ಶಬ್ದ ಆಡಿರಲಿಲ್ಲ. ಬೆಕ್ಕು ಸತ್ತಾಗಲೂ 'ಹೋಯಿತು' ಎಂದಿದ್ದರು. "ಸುಸ್ತಾಗಿದೆ," ಎಂದ ಲಸಾದ್, ದನಿ ತಗ್ಗಿಸಿ. "ದಿನಾ ಬೆಳಿಗ್ಗೆ ಫ್ರೆಂಚಲ್ಲಿ ಒಂದು ಚೀಟಿ ಬರ್ತಿರಲಿಲ್ವಾ ಪರದೆ ಮೇಲೆ? ಹಳದಿ ಗುರುತಿಂದು?"

"ಬರ್ತಿತ್ತು," ಎಂದ ಮೊಂಜಿ. "ಮೂಲೇಲಿ ಒತ್ತಿ ಕಳಿಸ್ತಿದ್ದೆ."

"ಓದಲಿಲ್ವಾ?"

"ಸ್ಕೂಲಿಗೆ ಫ್ರೆಂಚ್ ಮೇಷ್ಟ್ರು ಬಂದ ವರ್ಷ ನಾನು ದೋಣಿ ಹತ್ತಿ ಆಗಿತ್ತಪ್ಪ. ಏನಂತಿತ್ತು?"

"ನಾನು ಹೋಗೋದಕ್ಕೆ ಮುಂಚೆ ಬೇಕಾದ್ದು ತೆಗೆದಿಟ್ಕೊಳ್ಳಿ ಅಂತ."

ಮೊಂಜಿ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ. ಬಲೆ ಹಗ್ಗ ಕೊಯ್ದು ದಪ್ಪಗಾದ ಬೆರಳುಗಳು. ಮೂರು ವರ್ಷ ದಿನಕ್ಕೊಂದು ಸಲ ಆ ಮೂಲೆಯನ್ನು ಒತ್ತಿದ ಬೆರಳು.

ಲಸಾದ್ ಹಳೆಯ ಡಿಸ್ಕನ್ನು ಬಿಚ್ಚಿ, ತಾನು ತಂದಿದ್ದ ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸಿದ. ಬಹಳ ಹೊತ್ತಾದ ಮೇಲೆ ಒಳಗಿದ್ದದ್ದು ಒಂದೊಂದಾಗಿ ಕಾಣಿಸಿಕೊಂಡಿತು. ತಾರೀಖು ಹಾಕಿದ ಫೋಲ್ಡರುಗಳು. ಪ್ರತಿ ತಿಂಗಳದ್ದೂ ಇತ್ತು. ಒಂದನ್ನು ತೆರೆದ, ಇನ್ನೊಂದನ್ನು ತೆರೆದ. ದೋಣಿಗಳು. ಕಿತ್ತಳೆ ಬಣ್ಣದ ಜಾಕೆಟ್ಟುಗಳು. ಬೆಳ್ಳಿ ಬಣ್ಣದ ಹಾಳೆ ಹೊದ್ದು ಸಾಲಾಗಿ ಕೂತ ಹುಡುಗರು. ಅಲ್ಲಿ ಇಲ್ಲಿ ಯಾರು ಯಾರೋ ಹಾಕಿದ್ದನ್ನೆಲ್ಲ, ಬಂದು ಮುಟ್ಟಿದ ಪ್ರತಿಯೊಂದು ದೋಣಿಯನ್ನೂ ಮೊಂಜಿ ಉಳಿಸಿಟ್ಟಿದ್ದ. ಎರಡು ಸಾವಿರಕ್ಕೂ ಮೇಲಿದ್ದವು.

ಲಸಾದನ ತಮಾಷೆ ನಿಂತುಹೋಯಿತು. ಕನ್ನಡಕವನ್ನು ನೆತ್ತಿಯಿಂದ ಇಳಿಸಿ ಹಾಕಿಕೊಂಡ.

"ಇದಕ್ಕೇ ಉಸಿರಾಡೋಕೆ ಜಾಗ ಇರಲಿಲ್ಲ ಪಾಪ. ಇವೆಲ್ಲ ಬೇಕಾ ಚಿಕ್ಕಪ್ಪ?"

"ಬೇಕು."

"ಎಲ್ಲಾನೂ ತೆಗೆಯೋ ತನಕ ಇದು ಇರುತ್ತೋ ಇಲ್ವೋ. ಯಾವುದು ಮೊದಲು ಹೇಳಿ."

ಮೊಂಜಿಗೆ ಹೆಸರು ಓದುವ ಅಗತ್ಯವೇ ಇರಲಿಲ್ಲ. ಆ ಸೆಪ್ಟೆಂಬರಿನ ಫೋಲ್ಡರಿನಲ್ಲಿ ನಾಲ್ಕನೆಯ ಸಾಲಿನ ಮೂರನೆಯದನ್ನು ಮುಟ್ಟಿ ತೋರಿಸಿದ. "ಇದು."

ಲಸಾದನೂ ಅದನ್ನು ಈ ಕೋಣೆಯಲ್ಲೇ, ಗೋಡೆಗೊರಗಿ ನಿಂತು ನೋಡಿದ್ದ. "ಇದು ಏಳಕ್ಕೆ ನಿಲ್ಲುತ್ತಲ್ಲ? ಅಲ್ಲಿ ಡಿಸ್ಕು ಗಾಯ ಆಗಿದೆ, ಅದಕ್ಕೆ. ನನ್ನ ಹತ್ರ ಒಂದು ಪ್ರೋಗ್ರಾಮ್ ಇದೆ. ಗಾಯದ ಜಾಗ ಹಾರಿಸಿ ಮುಂದಿನದನ್ನ ಹೆಕ್ಕುತ್ತೆ. ನಿಧಾನ, ಆದ್ರೆ ಪೂರ್ತಿ ತೆಗೀಬಹುದು."

"ಅಷ್ಟೆಲ್ಲ ಯಾಕೆ ಕಷ್ಟ ಪಡ್ತೀಯ," ಎಂದ ಮೊಂಜಿ. "ಇರೋಷ್ಟು ಸಾಕು. ಏಳು ಸೆಕೆಂಡಲ್ಲಿ ಎಲ್ಲಾ ಕಾಣುತ್ತೆ."

"ಕೆಲಸಕ್ಕೆ ಕೂತ ಮೇಲೆ ಅರ್ಧ ಬಿಡೋನಲ್ಲ ನಾನು."

ತಡೆಯಲು ಚಾಚಿದ ಕೈಯನ್ನು ಮೊಂಜಿ ಹಿಂದಕ್ಕೆಳೆದುಕೊಂಡ. ಪರದೆಯ ಮೇಲೆ ಒಂದು ಹಸಿರು ಗೆರೆ ಕಂಡೂ ಕಾಣದಂತೆ ಬೆಳೆಯತೊಡಗಿತು. ಸ್ವಲ್ಪ ಹೊತ್ತು ಮೂವರೂ ಅದನ್ನೇ ನೋಡುತ್ತ ನಿಂತರು. ಆಮೇಲೆ ಮನ್ನೂಬಿಯಾ ಮೀನಿನ ಹೊಟ್ಟೆ ಸೀಳಲು ಅಡಿಗೆಮನೆಗೆ ಹೋದಳು. ಮಸೀದಿಯ ಕರೆ ಕೇಳಿಸಿದಾಗ ಗಂಡಸರಿಬ್ಬರೂ ಕೈಕಾಲು ತೊಳೆದು ಹೊರಟರು.

*

ಕುಸ್‌ಕುಸ್ ಹಬೆಯಾಡುವ ಪಾತ್ರೆಯನ್ನು ಇಳಿಸುತ್ತಿದ್ದಾಗ ಲಸಾದ್ ಒಬ್ಬನೇ ಬಂದ.

"ಅವನೆಲ್ಲಿ?"

"ಬಂದರಿನ ಹತ್ರ ಕಾಫಿ ಕುಡೀತಾ ಕೂತಿದ್ದಾರೆ. ಬನ್ನಿ ಅಂದೆ. ನೀನು ಮಾಡ್ತಿರು ಅಂದ್ರು." ಮನೆಯಲ್ಲಿ ಅವಳೊಬ್ಬಳೇ ಎಂದು ಅಂಗಳದ ಬಾಗಿಲನ್ನು ಬೀದಿಗೆ ಕಾಣುವಂತೆ ಅಗಲಕ್ಕೆ ತೆರೆದಿಟ್ಟು ಒಳಗೆ ಬಂದ.

ಬಟ್ಟಲಿನಲ್ಲಿ ಹಬೆಯಲ್ಲಿ ಬೆಂದ ರವೆಯ ಕುಸ್‌ಕುಸ್, ಮೇಲೊಂದು ದೊಡ್ಡ ಮೀನಿನ ತುಂಡು, ಕರಿದ ಮೆಣಸಿನಕಾಯಿ. ಅವನು ಎಡಗೈಯಲ್ಲಿ ಸ್ಕ್ರೂ ತಿರುಗಿಸುತ್ತ ಬಲಗೈಯಲ್ಲಿ ತಿಂದ. ಸಿಗರೇಟು ಪೊಟ್ಟಣಕ್ಕಿಂತ ತೆಳ್ಳಗಿದ್ದ ಹೊಸ ಡಿಸ್ಕನ್ನು ಪೆಟ್ಟಿಗೆಯೊಳಗೆ ಕೂರಿಸಿ ತಗಡು ಮುಚ್ಚಿದ. ಹೊಸದಕ್ಕೆ ಎಲ್ಲವನ್ನೂ ತುಂಬುವ ಕೆಲಸ ಮೂರು ಗಂಟೆಯವರೆಗೆ ನಡೆಯಿತು. ಆ ಹೊತ್ತಿಗೆ ಮನ್ನೂಬಿಯಾ ಪಾತ್ರೆ ತೊಳೆದು, ಸಂಜೆಯ ರೊಟ್ಟಿಗೆ ರವೆಹಿಟ್ಟು ನೆನೆಸಿದ್ದಳು.

"ಚಿಕ್ಕಮ್ಮ, ಒಂದು ನಿಮಿಷ ಬನ್ನಿ. ನಿಮ್ಮ ಕಣ್ಣೆದುರಿಗೇ ಒತ್ತುತ್ತೀನಿ."

ಒತ್ತಿದ. ಅವಳು ಒದ್ದೆ ಕೈಯನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುವಷ್ಟರಲ್ಲಿ ಪರದೆ ಬೆಳಗಿ, ಟಿಣ್ ಎಂದಿತು.

"ಅಯ್ಯೋ," ಎಂದಳು. "ಒಂದು ರೊಟ್ಟಿಯೂ ಆಗಲಿಲ್ಲ."

"ನೋಡಿ ಮತ್ತೆ!" ಲಸಾದ್ ಕುರ್ಚಿಯಲ್ಲಿ ಹಿಂದಕ್ಕೊರಗಿದ. "ಫೈಲುಗಳೆಲ್ಲ ಬಂದಿಲ್ಲ. ಮುನ್ನೂರು ಚಿಲ್ಲರೆ ಹೋದವು. ಆದ್ರೆ ಅದು ಬಂದಿದೆ. ಪೂರ್ತಿ. ನಾನಿನ್ನೂ ನೋಡಿಲ್ಲ. ಹಾಕಲಾ, ಚಿಕ್ಕಪ್ಪನಿಗೆ ಕಾಯೋಣವಾ?"

ಅವಳು ಬಾಗಿಲ ಕಡೆ ನೋಡಿದಳು. ಬೀದಿ ಬಿಸಿಲಲ್ಲಿ ಖಾಲಿಯಿತ್ತು. "ಹಾಕು," ಎಂದಳು.

ಬಂದರು. ದೋಣಿ. ಬೂದು ಟೋಪಿಯಂಗಿ. ಬೆನ್ನು. ಎಡಗಾಲು ಗಾಳಿಯಲ್ಲಿ ತೂಗಿ ಕಲ್ಲಿನ ಮೇಲೆ ಕೂತಿತು. ಅವಳಿಗೆ ಬಾಯಿಪಾಠವಾಗಿದ್ದ ಏಳು ಸೆಕೆಂಡುಗಳು. ಚಿತ್ರ ಒಂದು ಸಲ ಚೂರುಚೂರಾಗಿ ಒಡೆಯಿತು, ಹಸಿರು ಬಣ್ಣ ಅಡ್ಡಡ್ಡ ಓಡಿತು, ಮತ್ತೆ ಕೂಡಿಕೊಂಡಿತು. ನಿಲ್ಲಲಿಲ್ಲ. ಇಳಿದವನು ತನ್ನ ಹಿಂದೆ ಇಳಿಯುವವನಿಗೆ ಕೈ ಕೊಡಲು ತಿರುಗಿದ.

ದುಂಡು ಮುಖದ ಹುಡುಗ. ಹದಿನೆಂಟು ಇದ್ದರೆ ಹೆಚ್ಚು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಕಾಲು ಜಾರಿ ಬೀಳುವುದು ತಪ್ಪಿದ್ದಕ್ಕೆ ನಗುತ್ತಿದ್ದ. ಅವನ ಕೈ ಹಿಡಿದು ಇನ್ನೊಬ್ಬ ಇಳಿದ, ಅವನೂ ಎಡಗಾಲಿಟ್ಟು. ಅವನ ಹಿಂದೆ ಮತ್ತೊಬ್ಬನ ಎಡಗಾಲು ಅಂಚಿಗೆ ಬಂದಿತ್ತು. ಅಲ್ಲಿಗೆ ಮುಗಿಯಿತು.

ಲಸಾದ್ ತಿರುಗಿ ಅವಳನ್ನು ನೋಡಲಿಲ್ಲ. ಮೇಜಿನ ಮೇಲಿನ ಸ್ಕ್ರೂಗಳನ್ನು ಎಣಿಸುವವನಂತೆ ಒಂದೊಂದಾಗಿ ಸಾಲಿಗೆ ಜೋಡಿಸಿದ.

"ಇನ್ನೊಂದು ಸಲ," ಎಂದಳು ಮನ್ನೂಬಿಯಾ.

ಹಾಕಿದ.

"ಇನ್ನೊಂದು ಸಲ."

ಮೂರನೆಯ ಸಲ ಮುಗಿದಾಗ ಅವಳು ನೆಲದ ಮೇಲೆ, ಕಾಲು ಮಡಿಸಿಕೊಂಡು, ನಿದಾಲನ ಮಂಚಕ್ಕೆ ಒರಗಿ ಕೂತಳು. ಅಳು ಬರಲಿಲ್ಲ. ಹೊರಗೆ ಹಿಟ್ಟು ನೆನೆಯುತ್ತಿದೆ, ಬಟ್ಟೆ ಮುಚ್ಚಿದೆನೋ ಇಲ್ಲವೋ ಎಂಬ ಯೋಚನೆ ಸುಮ್ಮನೆ ಬಂದು ಹೋಯಿತು. ನಾಳೆಯೂ ಒಲೆ ಹಚ್ಚಬೇಕು. ಮೊಂಜಿ ಬೆಳಿಗ್ಗೆ ಗುಂಡಿ ಒತ್ತುತ್ತಾನೆ. ಒಲೆ ಕಾಯುವುದಕ್ಕೂ ಮೊದಲೇ ಅದು ತೆರೆದುಕೊಂಡುಬಿಡುತ್ತದೆ.

"ಲಸಾದ್, ಇದನ್ನ ಮೊದಲಿನ ಹಾಗೇ ನಿಧಾನ ಮಾಡೋಕಾಗುತ್ತಾ?"

"ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ ಚಿಕ್ಕಮ್ಮ," ಎಂದ ಅವನು. ನಗಲಿಲ್ಲ. "ನಿಧಾನ ಮಾಡಿಕೊಡು ಅಂತ ಯಾರೂ ಕೇಳಿರಲಿಲ್ಲ."

"ಹಳೇದನ್ನೇ ತಿರುಗಿ ಹಾಕಿದ್ರೆ?"

"ಅದು ಇನ್ನು ಏಳಲ್ಲ. ಕೊನೇ ಉಸಿರಲ್ಲಿ ಇದನ್ನ ಕೊಟ್ಟು ಹೋಯ್ತು." ಸ್ಕ್ರೂಗಳನ್ನು ಪಕ್ಕಕ್ಕೆ ಸರಿಸಿ, "ಒಂದು ಮಾಡಬಹುದು," ಎಂದ. "ಕತ್ತರಿಸಬಹುದು. ಏಳು ಸೆಕೆಂಡಿಗೆ ಕತ್ತರಿಸಿ ಇಟ್ಟುಬಿಡ್ತೀನಿ. ಎರಡು ನಿಮಿಷದ ಕೆಲಸ. ಟ್ಯೂನಿಸ್‌ಗೂ ಅಷ್ಟನ್ನೇ ಕಳಿಸ್ತೀನಿ. ಚಿಕ್ಕಪ್ಪನಿಗೆ ಗೊತ್ತಾಗಲ್ಲ. ನಾನಂತೂ ಯಾರ ಹತ್ರಾನೂ ಬಾಯಿಬಿಡಲ್ಲ, ನನ್ನ ಮಕ್ಕಳಾಣೆ."

ಅವಳು ತಲೆಯಾಡಿಸಿದಳು, ಸರಿ ಎನ್ನುವ ಹಾಗೆ. ಅವನು ಪರದೆಯ ಮೇಲೆ ಯಾವುದೋ ಕಿಟಕಿ ತೆರೆದ. ತುಣುಕು ಒಂದು ಉದ್ದ ಪಟ್ಟಿಯಾಗಿ ಹರಡಿಕೊಂಡಿತು, ಒಂದೊಂದು ಸೆಕೆಂಡಿಗೆ ಒಂದೊಂದು ಪುಟ್ಟ ಚಿತ್ರ. ಅವನು ಏಳರ ಮೇಲೆ ಗೆರೆ ಎಳೆದ. ಗೆರೆಯ ಆ ಕಡೆ ಮುರಿದ ಹಲ್ಲಿನ ಹುಡುಗ ನಾಲ್ಕು ಸಲ ನಗುತ್ತ ಸಾಲಾಗಿ ನಿಂತಿದ್ದ.

"ಆ ಕಡೆಯದೆಲ್ಲ ಎಲ್ಲಿ ಹೋಗುತ್ತೆ?" ಎಂದು ಕೇಳಿದಳು.

"ಎಲ್ಲಿಗೂ ಇಲ್ಲ. ಅಳಿಸಿ ಹೋಗುತ್ತೆ."

"ಬೇರೆ ಎಲ್ಲೂ ಇರಲ್ವಾ? ಇವರು, ಅವರು, ಹಾಕಿರಲ್ವಾ?"

"ಮೂಲ ಅಳಿಸಿದ್ರಲ್ಲ. ಯಾರ ಹತ್ರಾದ್ರೂ ಇರಬಹುದು, ಇಲ್ಲದೇನೂ ಇರಬಹುದು. ನಾನು ಕಂಡಿದ್ದು ಇದೊಂದೇ."

ಮನ್ನೂಬಿಯಾ ಮಂಚದ ಅಂಚು ಹಿಡಿದು ಎದ್ದು ಪರದೆಯ ಹತ್ತಿರ ಬಂದಳು. ಅಷ್ಟು ಹತ್ತಿರದಿಂದ ಆ ಮುಖ ಬರೀ ಚುಕ್ಕಿಗಳಾಗಿ ಕಾಣಿಸಿತು. ಒಂದು ಹೆಜ್ಜೆ ಹಿಂದೆ ಸರಿದಾಗ ಮತ್ತೆ ಹುಡುಗನಾದ. ಹಲ್ಲು ಮುರಿದದ್ದು ಎಲ್ಲಿಯೋ. ಬಾಲ್ಯದಲ್ಲೇ ಇರಬೇಕು. ಹಾಗೆ ಬಾಯಿ ತೆರೆದು ನಗುವ ಅಭ್ಯಾಸ ಬೇರೆ, ಮುಚ್ಚಿಕೊಳ್ಳುವ ನಾಚಿಕೆಯೇ ಇಲ್ಲ. ಬಾಯಿ ಮುಚ್ಚಿಕೊಂಡು ನಗು ಎಂದು ಯಾರೋ ಅವನಿಗೆ ಹೇಳಿ ಹೇಳಿ ಸೋತಿರಬೇಕು.

"ಇವನ ಅಮ್ಮನಿಗೆ ಫೋನು ಮಾಡಿದ್ದಾನೋ ಇಲ್ವೋ," ಎಂದಳು.

ಲಸಾದ್ ಕೀಲಿಗಳ ಮೇಲಿಂದ ಕೈ ತೆಗೆದ.

"ಮಾಡಿರದೇ ಇದ್ರೆ ಅವಳು ಇದನ್ನೇ ಹುಡುಕ್ತಿರ್ತಾಳೆ. ಬೇಡ, ಬಿಡು. ಕತ್ತರಿಸಬೇಡ. ಹಾಗೇ ಪೂರ್ತಿ ಕಳಿಸು ಅವರಿಗೆ. ಇವನ ಮುಖ ಕಾಣೋ ಹಾಗೆ."

"ಮತ್ತೆ ಚಿಕ್ಕಪ್ಪ?"

"ಅವನನ್ನ ನಾನು ನೋಡ್ಕೋತೀನಿ."

ಹಾಗೆಂದಳು. ಹೇಗೆ ನೋಡಿಕೊಳ್ಳುವುದೆಂದು ಅವಳಿಗೆ ಗೊತ್ತಿರಲಿಲ್ಲ. ಲಸಾದ್ ತುಣುಕನ್ನು ಟ್ಯೂನಿಸ್‌ನ ನಂಬರಿಗೆ ಕಳಿಸಿದ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಜೊತೆಗೆ ಏನಾದರೂ ಬರೆಯಬೇಕಾ ಎಂದು ಕೇಳಿದ. ಹೆಸರು ಗೊತ್ತಿಲ್ಲ ಎಂದು ಬರಿ, ಮುಂದಿನ ಹಲ್ಲು ಮುರಿದಿದೆ ಅಂತ ಬರಿ ಎಂದಳು. ಅವನು ಹಾಗೆಯೇ ಬರೆದ.

*

ಮೂರನೆಯ ನಮಾಜಿನ ಹೊತ್ತಿಗೆ ಮೊಂಜಿ ಬಂದ. ಲಸಾದ್ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ.

"ಆಯ್ತು ಚಿಕ್ಕಪ್ಪ."

"ಕಳಿಸಿದ್ಯಾ?"

"ಕಳಿಸಿದೆ. ಬಂದು ಮುಟ್ಟಿದೆ ಅಂತ ಉತ್ತರಾನೂ ಬಂತು."

"ದೇವರು ನಿನ್ನ ತಂದೆತಾಯೀನ ಚೆನ್ನಾಗಿಟ್ಟಿರಲಿ." ಮೊಂಜಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. ಮತ್ತೇನನ್ನೂ ಕೇಳಲಿಲ್ಲ. ಎಷ್ಟು ಸೆಕೆಂಡು ಬಂತು ಎಂದೂ ಕೇಳಲಿಲ್ಲ. ಲಸಾದ್ ಕನ್ನಡಕ ಹುಡುಕಿಕೊಂಡು, ನೆತ್ತಿಯ ಮೇಲಿದ್ದದ್ದನ್ನು ಮರೆತು, ಬೇಗ ಬೇಗ ಬೀದಿಗಿಳಿದ.

ಮನ್ನೂಬಿಯಾ ಅಂಗಳದಲ್ಲಿ ದೊಡ್ಡ ಮಣ್ಣಿನ ತಟ್ಟೆಯ ಮುಂದೆ ಮಂಡಿಯೂರಿ ಹಿಟ್ಟು ನಾದುತ್ತಿದ್ದಳು. ಮೊಂಜಿ ಕೋಣೆಗೆ ಹೋದ. ಕುರ್ಚಿ ಎಳೆದ ಸದ್ದು. ಗುಂಡಿ ಒತ್ತಿದ ಸದ್ದು. ಕೂಡಲೇ ಟಿಣ್.

"ಏನೇ ಇದು!" ಎಂದ ಒಳಗಿನಿಂದ. ಖುಷಿಯೋ ಗಾಬರಿಯೋ ತಿಳಿಯಲಿಲ್ಲ. "ಕೂರೋದಕ್ಕೂ ಬಿಡಲ್ವಲ್ಲ ಇದು!"

"ಹೊಸದು," ಎಂದಳು. "ಹೊಸ ಸೊಸೆ ಮೊದಲ ವಾರ ಹಾಗೇ."

ಅವಳು ಕೈಗೆ ಒಣಹಿಟ್ಟು ಬಳಿದುಕೊಂಡು ಎದ್ದು, ಕೋಣೆಗೆ ಬಂದು ಅವನ ಹಿಂದೆ ನಿಂತಳು. ಹೇಳಬೇಕಾದ ಮಾತನ್ನು ಮಧ್ಯಾಹ್ನದಿಂದ ನಾದುತ್ತಲೇ ಇದ್ದಳು. ಅವನು ಆ ಸೆಪ್ಟೆಂಬರನ್ನು ತೆರೆದ. ನಾಲ್ಕನೆಯ ಸಾಲು, ಮೂರನೆಯದು. ಬಾಣವನ್ನು ಅದರ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತ. ಅವನ ಕುತ್ತಿಗೆಯ ಹಿಂದಿನ ಬಿಳಿ ಕೂದಲು ಕತ್ತರಿಸುವಷ್ಟು ಬೆಳೆದಿತ್ತು.

"ನಿದಾಲನಪ್ಪ," ಎಂದಳು.

"ಹ್ಞೂಂ."

"ಏನಿಲ್ಲ."

ಅವನು ಒತ್ತಿದ. ಬಂದರು. ದೋಣಿ. ಅವಳು ಮನಸ್ಸಿನಲ್ಲೇ ಎಣಿಸಿದಳು. ಮೂರು. ನಾಲ್ಕು. ಬೂದು ಬೆನ್ನು ಬಾಗಿತು. ಐದು. ಎಡಗಾಲು ಗಾಳಿಗೆ ಬಂತು. ಆರಕ್ಕೆ ಮೊಂಜಿಯ ಕೈ ತೊಡೆಯ ಮೇಲಿಂದ ಎದ್ದಿತು. ಅವನ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಹೆಬ್ಬೆರಳು ತಾನಾಗಿ ಹೋಗಿ, ಕೀಲಿಮಣೆಯ ಎಲ್ಲಕ್ಕಿಂತ ಉದ್ದವಾದ ಕೀಲಿಯ ಮೇಲೆ ಮೆಲ್ಲಗೆ ಕೂತಿತು. ಏಳಕ್ಕೆ ಒತ್ತಿತು.

ಚಿತ್ರ ನಿಂತಿತು. ಕಾಲು ಕಲ್ಲಿನ ಮೇಲಿತ್ತು. ಭುಜ ಇನ್ನೂ ತಿರುಗಿರಲಿಲ್ಲ.

ಹೊರಗೆ ಯಾರದೋ ಮನೆಯ ಕೋಳಿ ಕೂಗಿ ಸುಮ್ಮನಾಯಿತು. ಮೊಂಜಿ ಕೀಲಿಯ ಮೇಲಿನ ಬೆರಳು ತೆಗೆಯಲಿಲ್ಲ.

"ನೋಡು," ಎಂದ. "ಎಡಗಾಲು."

"ಹೌದು," ಎಂದಳು ಮನ್ನೂಬಿಯಾ.

"ಇದು ಇಲ್ಲಿಗೆ ನಿಲ್ಲುತ್ತೆ."

"ಹೌದು. ಇಲ್ಲಿಗೇ."

ಅವಳ ಕೈ ಅವನ ಭುಜದ ಮೇಲೆ ಬಿದ್ದಿತ್ತು. ಅದನ್ನು ಅಲ್ಲಿಟ್ಟದ್ದು ಅವಳಿಗೆ ನೆನಪಿರಲಿಲ್ಲ. ಆಮೇಲೆ ಅವನು ಒಂದೊಂದಾಗಿ ಪರದೆಯ ಎಲ್ಲ ಕಿಟಕಿಗಳನ್ನೂ ಮುಚ್ಚಿದ, ಕಂಪ್ಯೂಟರು ಆರಿಸಿದ. ಅದೂ ಈಗ ಕ್ಷಣಮಾತ್ರದ ಕೆಲಸವಾಗಿತ್ತು. ಎದ್ದು ಗೋಡೆಯ ಮೊಳೆಯಿಂದ ಕೆಂಪು ಟೋಪಿ ತೆಗೆದು ತಲೆಗಿಟ್ಟುಕೊಂಡ. ಬಲೆ ಒಣಗಿಸುವವರ ಹತ್ತಿರ ಕೂತು ಬರ್ತೀನಿ ಎಂದ. ಸಂಜೆಗೆ ಬೇಗ ಬಾ, ರೊಟ್ಟಿ ಬಿಸಿ ಇರುತ್ತೆ ಎಂದಳು.

ಬಾಗಿಲವರೆಗೂ ಬಂದು ನಿಂತಳು. ಅವನು ಒಂದು ಕಾಲನ್ನು ಎಳೆಯುತ್ತ ಬಂದರಿನ ಇಳಿಜಾರಿನಲ್ಲಿ ನಡೆದಿದ್ದ. ಅವನ ನೀಲಿ ಕೋಟಿನ ಬಲಭುಜದ ಮೇಲೆ ಅವಳ ಐದೂ ಬೆರಳು ಹಿಟ್ಟಿನಲ್ಲಿ ಬಿಳಿಯಾಗಿ ಮೂಡಿದ್ದವು. ಕರೆದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದ. ಅವಳು ಕರೆಯಲಿಲ್ಲ. ಎದುರಿಗೆ ಬಂದ ಇಬ್ಬರು ಸಲಾಮು ಹೇಳಿ ಅವನನ್ನು ದಾಟಿದರು, ದಾಟಿದ ಮೇಲೆ ತಿರುಗಿ ನೋಡಿದರು. ಮೂಲೆಯ ತನಕ ಆ ಬಿಳಿ ಕೈ ಅವನ ಜೊತೆಗೇ ಹೋಯಿತು.